ನೆಲದ ವ್ಯವಹಾರದಲ್ಲಿ ನಿಮ್ಮ ಪಾಲೆಷ್ಟು?

ನಮ್ಮ ಕಡೆಯ ಹೊಲದ ಮೇಲೆ ತೊಗರಿ, ಕೆಳಗೆ ಸುಣ್ಣದ ಕಲ್ಲು. ಮೇಲಿನದರ ಬೆಲೆ ಒಕ್ಕಲಿಗನಿಗೆ ಗೊತ್ತು. ಕೆಳಗಿನದರ ಬೆಲೆ ಗೊತ್ತಿರುವವರು ಬೇರೆ. ಶಹಾಬಾದಿನ ಫರಸಿ ಕಲ್ಲು ಮೊದಲಿನಿಂದಲೂ ಹೆಸರಾದದ್ದು. ಆಮೇಲೆ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರಖಾನೆಗಳೆದ್ದವು, ಚಿಂಚೋಳಿ ತಾಲೂಕಿಗೂ ಬಂದವು. ಕಾರಖಾನೆಯಾಗಲಿ, ಗಣಿಯಾಗಲಿ, ಊರ ಹೊರಗಿನ ರಸ್ತೆಯಾಗಲಿ, ಬರುವ ಮೊದಲೇ ಅದರ ನಕಾಶೆ ಯಾವುದೋ ಕಚೇರಿಯ ಮೇಜಿನ ಮೇಲೆ ಬಿಚ್ಚಿರುತ್ತದೆ. ಆ ಮೇಜಿನ ಸುತ್ತ ಕುಳಿತವರು ಅದೇ ಸರ್ವೆ ನಂಬರಿನ ಹೊಲವನ್ನು ಅಳಿಯನ ಹೆಸರಿಗೋ, ಷಡ್ಡಕನ ಹೆಸರಿಗೋ ಕರಾರು ಮಾಡಿಸಿಕೊಂಡರೆ ಅದನ್ನು ಏನೆಂದು ಕರೆಯಬೇಕು? ಅವರು ಅದಕ್ಕೆ ವ್ಯಾಪಾರವೆನ್ನುತ್ತಾರೆ.

ಲೆಕ್ಕ ಹಾಕೋಣ, ನಾವು ಶಾಲೆಯಲ್ಲಿ ಇದನ್ನೇ ಕಲಿಸಿದವರು. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ರೈತ ಅದನ್ನು 5 ಲಕ್ಷಕ್ಕೆ ಕೊಟ್ಟನೆನ್ನಿ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಅದು ಬೇಸಾಯೇತರವಾಯಿತು. ರಸ್ತೆ, ಬಯಲು ಎಂದು ಅರ್ಧ ಹೋದರೂ 21,780 ಅಡಿ ಉಳಿಯಿತು. ಅಡಿಗೆ ಬರೇ 100 ರೂಪಾಯಿ ಹಿಡಿದರೂ 21 ಲಕ್ಷ 78 ಸಾವಿರ. ಮಣ್ಣು ಅದೇ ಮಣ್ಣು. ಖರ್ಚುವೆಚ್ಚ ಕಳೆದು ಉಳಿಯುವ ಲಾಭದಲ್ಲಿ ಬೆವರಿನ ಪಾಲೆಷ್ಟು, ಸಹಿಯ ಪಾಲೆಷ್ಟು ಎಂಬುದನ್ನು ಓದುಗರೇ ತೂಗಿ ನೋಡಲಿ.

ಇನ್ನೊಂದು ಮಾತುಂಟು. 2013ರ ಭೂಸ್ವಾಧೀನ ಕಾಯಿದೆ ಹಿಂದಿನ ಮೂರು ವರ್ಷಗಳ ನೋಂದಣಿ ಪತ್ರಗಳನ್ನೂ ನೋಡಿ ಬೆಲೆ ಕಟ್ಟುತ್ತದೆ. ಮುದ್ರಾಂಕದ ಹಣ ಉಳಿಸಲೆಂದು ದಲ್ಲಾಳಿ ಕಡಿಮೆ ಬೆಲೆ ಬರೆಸಿದರೆ, ನಾಳೆ ಊರಿನ ಹೊಲಗಳೇ ಸ್ವಾಧೀನವಾದಾಗ ಪರಿಹಾರ ಕುಗ್ಗುವುದು ಮಾರದೆ ಉಳಿದವನಿಗೆ. ದಲ್ಲಾಳಿಯಂತೂ ಅಷ್ಟರಲ್ಲಿ ಮಾರಿ ಕೈತೊಳೆದುಕೊಂಡಿರುತ್ತಾನೆ.

ಮೊದಲು ಬೇಸಾಯಗಾರನಲ್ಲದವನು ಹೊಲ ಕೊಳ್ಳಲು ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಅಡ್ಡವಿದ್ದವು. 2020ರಲ್ಲಿ ಅವನ್ನು ಕಿತ್ತುಹಾಕಿದರು. ಹಾಗಾಗಿ ಈಗ ಕೊಳ್ಳುವುದು ಅಪರಾಧವಲ್ಲ. ಕೊಂಡವನೇ ನಿರ್ಣಯಕ್ಕೂ ಕೈ ಎತ್ತುವುದು ನಮ್ಮ ತಕರಾರು.

ಶಾಸಕರು, ಮಂತ್ರಿಗಳು 1984ರ ಲೋಕಾಯುಕ್ತ ಕಾಯಿದೆಯಂತೆ ವರ್ಷಕ್ಕೊಮ್ಮೆ ಆಸ್ತಿ ಪಟ್ಟಿ ಕೊಡಬೇಕು. ಒಳ್ಳೆಯದೇ. ಆದರೆ ಏನಿದೆ ಎಂದು ಪಟ್ಟಿ ಹೇಳುತ್ತದೆ. ಅದರ ಬೆಲೆ ಏರಿಸಿದ ಸಭೆಯಲ್ಲಿ ಯಜಮಾನರು ಕುಳಿತಿದ್ದರೇ ಎಂದು ಹೇಳುವುದಿಲ್ಲ.

ದೂರದ ಮಾತಲ್ಲ. 2024ರಲ್ಲಿ ಬೆಂಗಳೂರು ಬಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ಸರಕಾರದ ಕೈಗಾರಿಕಾ ಮಂಡಳಿಯ 5 ಎಕರೆ ಸಿದ್ಧಾರ್ಥ ವಿಹಾರ ಟ್ರಸ್ಟಿಗೆ ಸಿಕ್ಕಿತು. ಟ್ರಸ್ಟಿನಲ್ಲಿ ಚಿತ್ತಾಪುರದ ಶಾಸಕರೂ ಮಂತ್ರಿಗಳೂ ಆದ ಪ್ರಿಯಾಂಕ್ ಖರ್ಗೆಯವರ ಮನೆತನದವರಿದ್ದರು. ಎಲ್ಲವೂ ನಿಯಮದಂತೆ ಎಂದರು. ಗದ್ದಲವೆದ್ದ ಮೇಲೆ ಅಕ್ಟೋಬರದಲ್ಲಿ ಟ್ರಸ್ಟು ಭೂಮಿ ಬೇಡವೆಂದಿತು. ಅದೇ ತಿಂಗಳು ಮೈಸೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿ ಮೂಡಾದ 14 ನಿವೇಶನಗಳನ್ನು ಹಿಂತಿರುಗಿಸಿದರು. ತಪ್ಪು ನಡೆಯಿತೋ ಇಲ್ಲವೋ ನ್ಯಾಯಾಸ್ಥಾನ ನೋಡಿಕೊಳ್ಳಲಿ. ಗದ್ದಲಕ್ಕೆ ಮೊದಲೇ ಸಂಬಂಧವನ್ನು ಜನರೆದುರು ಹೇಳಿಕೊಳ್ಳುವ ರೂಢಿ ಯಾಕಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ. ಈ ಮಾತಿಗೆ ವಿರೋಧ ಪಕ್ಷದವರು ಚಪ್ಪಾಳೆ ತಟ್ಟಬಾರದು. 2020ರ ತಿದ್ದುಪಡಿ ತಂದವರು ಅವರೇ.

ಪ್ರತಿ ಪುರಸಭೆ, ಪ್ರತಿ ಗ್ರಾಮಪಂಚಾಯತಿಯಲ್ಲಿ ಒಂದು ವಹಿ ಇಡಲಿ. ಲೇಔಟು, ರಸ್ತೆ, ಗಣಿಯ ವಿಷಯ ಬಂದ ದಿನ ಸದಸ್ಯರು ತಮ್ಮ, ಹೆಂಡತಿ ಮಕ್ಕಳ, ಅಳಿಯಂದಿರ ಸರ್ವೆ ನಂಬರುಗಳನ್ನು ಅದರಲ್ಲಿ ಬರೆಯಲಿ. ಪಾಲಿದ್ದವರು ಎದ್ದು ಹೊರಗೆ ಹೋಗಲಿ. ಪ್ಲಾಟಿನ ದಲ್ಲಾಳಿತನಕ್ಕಿಳಿದ ಮಾಸ್ತರರೂ ಈ ಜಿಲ್ಲೆಯಲ್ಲಿದ್ದಾರೆ, ಅವರಿಗೂ ಇದೇ ಮಾತು. ನಮ್ಮ ಕಾರ್ಯಕರ್ತರು ಮೊದಲು ಬರೆಯಲಿ. ಸೇಡಂ, ಚಿತ್ತಾಪುರದ ಮುಂದಿನ ಸಭೆಗಳಲ್ಲಿ ಈ ವಹಿಯನ್ನು ಕೇಳಲು ನಾವು ಹೋಗುವವರಿದ್ದೇವೆ. ಹೊಲವಿದ್ದವರೂ ಇಲ್ಲದವರೂ ಸಂಗಡ ಬರಬೇಕು.