ಮಲತಂದೆಗೆ ಅಪ್ಪಾ ಅನ್ನುವುದು ಸುಲಭವೇ?



ಮಲತಾಯಿಯ ಕಥೆ ನಮಗೆಲ್ಲ ಬಾಯಿಪಾಠ. ಮಲತಂದೆಯ ಕಥೆ ಎಷ್ಟು ಕೇಳಿದ್ದೀರಿ? ಬೆರಳು ಮಡಿಸಿ ಎಣಿಸಬೇಕು, ಅಲ್ಲವೇ? ಕೂಡಿಕೆ ಪದ್ಧತಿ ಇದ್ದ ಜನರ ಮಾತು ಬೇರೆ. ಉಳಿದ ಮನೆಗಳಲ್ಲಿ ಹೆಂಡತಿ ಸತ್ತವನಿಗೆ ವರ್ಷ ತುಂಬುವ ಮೊದಲೇ ಹೆಣ್ಣು ನೋಡುತ್ತಿದ್ದರು; ಗಂಡ ಸತ್ತವಳಿಗೆ ಯಾರು ನೋಡುತ್ತಿದ್ದರು? ವಿಧವಾ ವಿವಾಹಕ್ಕೆ ಕಾನೂನು 1856ರಲ್ಲೇ ಬಂತು. ಮನಸ್ಸು ಮಾತ್ರ ಇನ್ನೂ ಹಿಂದುಮುಂದು ನೋಡುತ್ತಿದೆ.

ಇದನ್ನೆಲ್ಲ ಯೋಚಿಸುವಂತೆ ಮಾಡಿದ್ದು ಇರಾನಿನ ಒಂದು ಚಿತ್ರ. ಹೆಸರು 'ಪೆದರ್'. ಅಂದರೆ ತಂದೆ. ನಮ್ಮ 'ಪಿತೃ' ಶಬ್ದಕ್ಕೆ ಅದು ನೆಂಟ. ಮಜೀದ್ ಮಜೀದಿ 1996ರಲ್ಲಿ ಇದನ್ನು ತೆಗೆದರು. ಮರುವರ್ಷ ಬಂದ ಅವರ 'ಚಿಲ್ಡ್ರನ್ ಆಫ್ ಹೆವನ್' ಲೋಕಕ್ಕೆಲ್ಲ ಗೊತ್ತಾಯಿತು. 'ಪೆದರ್' ನೋಡಿದವರು ಕಡಿಮೆ.

ಹುಡುಗ ಮೆಹ್ರೊಲ್ಲಾಗೆ ಹದಿನಾಲ್ಕು ವರ್ಷ. ತಂದೆ ತೀರಿಕೊಂಡ ಮೇಲೆ ದೂರದ ಪಟ್ಟಣದಲ್ಲಿ ದುಡಿದು, ತಾಯಿಗೂ ತಂಗಿಯರಿಗೂ ಉಡುಗೊರೆ ಹೊತ್ತು ಊರಿಗೆ ಬರುತ್ತಾನೆ. ಬಂದರೆ ತಾಯಿ ಒಬ್ಬ ಪೊಲೀಸಿನವನನ್ನು ಮದುವೆಯಾಗಿದ್ದಾಳೆ! ಆ ಸುದ್ದಿಯನ್ನು ಹೇಳಿದವಳು ತಾಯಿಯಲ್ಲ, ಗೆಳೆಯ ಲತೀಫ್. ಮನೆಗೆ ನಾನೇ ಯಜಮಾನ ಅಂದುಕೊಂಡಿದ್ದ ಹುಡುಗನಿಗೆ ಹೇಗಾಗಿರಬೇಡ? ಕೊನೆಗೆ ಮಲತಂದೆಯ ಪಿಸ್ತೂಲು ಕದ್ದು ಗೆಳೆಯನೊಡನೆ ಓಡಿಹೋಗುತ್ತಾನೆ. ಅವನು ಬೆನ್ನಟ್ಟಿ ಹಿಡಿದು, ಕೈಗೆ ಕೋಳ ಹಾಕಿ, ಮೋಟಾರ್‌ಸೈಕಲ್ಲಿನಲ್ಲಿ ಕರೆತರುವಾಗ ಮರುಭೂಮಿಯಲ್ಲಿ ಗಾಡಿ ಕೆಟ್ಟು ನಿಲ್ಲುತ್ತದೆ. ನೀರಿಲ್ಲದೆ ಕುಸಿದುಬಿದ್ದವನನ್ನು ಬಿಟ್ಟುಹೋಗದೆ, ನೀರಿನವರೆಗೆ ಎಳೆದೊಯ್ಯುವವನು ಅದೇ ಹುಡುಗ.

ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ನೋಡಿ. ತಾಯಿಗೆ ಆಸರೆ ಬೇಕಿತ್ತು, ಪೊಲೀಸಿನವನಿಗೆ ಸಂಸಾರ ಬೇಕಿತ್ತು, ಹುಡುಗನಿಗೆ ತನ್ನ ಅಪ್ಪನ ಜಾಗ ಖಾಲಿ ಇರಬೇಕಿತ್ತು. ಮೂವರದೂ ನ್ಯಾಯವೇ.

ನಿಮ್ಮ ಅಕ್ಕನೋ, ಮಗಳೋ, ಪಕ್ಕದ ಮನೆಯವಳೋ ಇಂಥ ಹೆಜ್ಜೆ ಇಡಲು ಹೊರಟಿದ್ದರೆ ನನ್ನ ಮೂರು ಮಾತು ಅವಳಿಗೆ ಮುಟ್ಟಿಸಿ. ಮೊದಲನೆಯದು, ಸುದ್ದಿ ಬೀದಿಯಿಂದ ಮಗುವಿನ ಕಿವಿಗೆ ಬೀಳಬಾರದು. ತಾಯಿಯ ಬಾಯಿಂದಲೇ, ಮದುವೆಗೆ ಮೊದಲೇ ಬರಬೇಕು. ಎರಡನೆಯದು, ಬಂದವನನ್ನು 'ಅಪ್ಪಾ ಅನ್ನು' ಎಂದು ಒತ್ತಾಯ ಬೇಡ. ಮಾಮ ಅನ್ನಲಿ, ಏನೂ ಅನ್ನದಿರಲಿ, ಊಟಕ್ಕೆ ಜೊತೆಗೆ ಕೂತರೆ ಸಾಕು. ಮೂರನೆಯದು, ತೀರಿಕೊಂಡವರ ಫೋಟೋ ಗೋಡೆಯಿಂದ ಇಳಿಸಬೇಡಿ. ಅದನ್ನು ಕಂಡು ಸಿಡುಕುವ ಗಂಡಸಾದರೆ ಮದುವೆಗೆ ಮುಂಚೆಯೇ ಗೊತ್ತಾಗಲಿ.

ಇನ್ನು ನಾವು ನೀವು, ನೆರೆಹೊರೆಯವರು, ಮಾಡಬೇಕಾದ್ದು ಒಂದೇ. 'ನಿಮ್ಮಮ್ಮ ಹಿಂಗೆ ಮಾಡಿಬಿಟ್ಟಳಲ್ಲೋ' ಅಂತ ಮಗುವಿನ ಮುಂದೆ ಲೊಚಗುಟ್ಟದೆ ಇರುವುದು. ಆ ಒಂದು ಮಾತು ಹುಡುಗನ ಎದೆಯಲ್ಲಿ ಎಷ್ಟು ವರ್ಷ ಕೂರುತ್ತದೋ ಬಲ್ಲವರಾರು?

ಚಿತ್ರದ ಕೊನೆಯಲ್ಲಿ ಪೊಲೀಸಿನವನ ಜೇಬಿನಿಂದ ಒಂದು ಫೋಟೋ ಜಾರಿ, ನೀರಿನಲ್ಲಿ ತೇಲುತ್ತ ಹುಡುಗನ ಕಡೆ ಬರುತ್ತದೆ. ಅವನ ತಾಯಿ, ತಂಗಿಯರು, ಮಲತಂದೆ ಎಲ್ಲರೂ ಇರುವ ಫೋಟೋ. ಹುಡುಗ ಅಪ್ಪಾ ಅನ್ನುವುದನ್ನು ನಿರ್ದೇಶಕರು ತೋರಿಸುವುದಿಲ್ಲ. ತೋರಿಸದಿದ್ದುದೇ ಒಳ್ಳೆಯದಾಯಿತು ಅನ್ನಿಸಿತು ನನಗೆ. ನೀವೇನಂತೀರಿ?