ಸಂದರ್ಶನದ ಕೋಣೆಗೆ ಕನ್ನಡವನ್ನೂ ಕರೆದುಕೊಂಡು ಹೋಗಿ!

ಭೂಗೋಳಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ. ಪ್ರವೇಶದ ಸಂದರ್ಶನಕ್ಕೆ ಸಜ್ಜಾಗುತ್ತಿರುವ ಕನ್ನಡದ ತರುಣ ತರುಣಿಯರೇ, ಎದೆ ಢವಗುಟ್ಟುತ್ತಿದೆಯಲ್ಲವೇ? ನಿಜ ಹೇಳಿ, ಆ ಭಯ ಭೂಗೋಳದ್ದೋ, ಇಂಗ್ಲಿಷಿನದೋ?

ಲೆಕ್ಕ ನೋಡಿ. ಯುಜಿಸಿಯ 2022ರ ನಿಯಮದಂತೆ ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸಿದರೆ ಲಿಖಿತಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. 2024ರಿಂದ ನೆಟ್ ಅಂಕವೂ ಪಿಎಚ್.ಡಿ. ಪ್ರವೇಶಕ್ಕೆ ಸಲ್ಲುತ್ತದೆ. ಆದರೆ ನೆಟ್‌ನ ಭೂಗೋಳ ಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ! ಕಾನ್ಪುರದ ಹುಡುಗ ತನ್ನ ನುಡಿಯಲ್ಲಿ ಪ್ರಶ್ನೆ ಓದಬಹುದು, ಗದಗದ ಹುಡುಗಿ ಓದುವಂತಿಲ್ಲ. ಇದು ಯಾವ ಸೀಮೆಯ ನ್ಯಾಯ? ನಮ್ಮ ಕೆ-ಸೆಟ್ ಕನ್ನಡದಲ್ಲೂ ನಡೆಯುವಾಗ ನೆಟ್‌ಗೇನು ಅಡ್ಡಿ?

ದಿಲ್ಲಿಯನ್ನು ಬೈದು ಸುಮ್ಮನಾದರೆ ಸಾಲದು. ನಮ್ಮ ತಪ್ಪೂ ಇದೆ. ಬೆಂಗಳೂರಿನಲ್ಲೇ ಬೆಳೆದವರಿಗೆ ಮಿಸಿಸಿಪ್ಪಿಯ ಉಪನದಿಗಳು ಬಾಯಿಪಾಠ. ಕೆಂಗೇರಿಯ ಬಳಿ ಮೂಗು ಮುಚ್ಚಿಕೊಂಡು ದಾಟುವ ವೃಷಭಾವತಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆಂದು ಎಷ್ಟು ಜನರಿಗೆ ಗೊತ್ತು? ಊರಿನ ಪೂರ್ವದ ನೀರು ದಕ್ಷಿಣ ಪಿನಾಕಿನಿಯತ್ತ ಇಳಿಯುವುದೇಕೆ? ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಇದಕ್ಕೆ ಉತ್ತರ ಕೊಡಲಾರದವರು ಭೂಗೋಳದ ಸಂಶೋಧಕರಾಗುವುದು ಹೇಗೆ?

ಆದ್ದರಿಂದ ತಯಾರಿ ಹೀಗಿರಲಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಹಿಡಿದು ನಿಮ್ಮ ತಾಲ್ಲೂಕಿನ ಒಂದು ಹಳ್ಳದ ಜಾಡಿನಲ್ಲಿ ನಡೆಯಿರಿ. ಎರೆ, ಮಸಾರಿ, ತೂಬು, ಕೋಡಿ, ಅಚ್ಚುಕಟ್ಟು ಎಂದರೇನೆಂದು ರೈತರನ್ನೇ ಕೇಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಚಳ್ಳಕೆರೆಗೆ ಅದರ ಹತ್ತನೇ ಒಂದು ಪಾಲೂ ಇಲ್ಲ. ಘಟ್ಟದ ಮಳೆನೆರಳನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ನಿಮ್ಮ ಸಂಶೋಧನೆಯ ಪ್ರಶ್ನೆ ಏನು, ಅದನ್ನು ಅಳೆಯುವುದು ಹೇಗೆ, ಯಾವ ಊರಿನಲ್ಲಿ, ಏಕೆ ಎಂಬುದನ್ನು ಕನ್ನಡದಲ್ಲಿ ಐದು ನಿಮಿಷ ಗೆಳೆಯರ ಮುಂದೆ ಹೇಳಿ ನೋಡಿ. ಕನ್ನಡದಲ್ಲಿ ತಡವರಿಸಿದರೆ ವಿಷಯವೇ ಇನ್ನೂ ತಲೆಗೆ ಹೋಗಿಲ್ಲವೆಂದು ತಿಳಿಯಿರಿ. ಆಮೇಲೆ ಇಂಗ್ಲಿಷಿನಲ್ಲೂ ಹೇಳಿ. ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಬಿಡದೆ ಕಲಿಯಿರಿ. ಭಾಷೆಯ ನೆಪ ಹೇಳಿ ನಿಮ್ಮನ್ನು ಯಾರೂ ಹೊರಗಿಡಬಾರದು.

ಒಳಗೆ ಹೋದಾಗ ಎದೆಯುಬ್ಬಿಸಿ ಕೇಳಿ: ‘ಕನ್ನಡದಲ್ಲಿ ಉತ್ತರಿಸಬಹುದೇ ಸಾರ್?’ ಒಪ್ಪದಿದ್ದರೆ ಇಂಗ್ಲಿಷಿನಲ್ಲೇ ಉತ್ತರಿಸಿ ಸೀಟು ಗೆಲ್ಲಿ. ಸಿಟ್ಟಿನಿಂದ ಎದ್ದು ಬಂದರೆ ಆ ಜಾಗ ಇನ್ನೊಬ್ಬರ ಪಾಲು. ಇಂದು ಒಳಗೆ ಹೋದವರೇ ನಾಳೆ ಆಚೆ ಬದಿಯ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಪ್ರಶ್ನೆ ಕೇಳಬೇಕು.

ನಮ್ಮ ಹಕ್ಕೊತ್ತಾಯ ಎರಡೇ: ನೆಟ್ ಪತ್ರಿಕೆ ಕನ್ನಡದಲ್ಲೂ ಬರಲಿ. ಕರ್ನಾಟಕದ ವಿಶ್ವವಿದ್ಯಾಲಯಗಳು ಸಂದರ್ಶನದಲ್ಲಿ ಕನ್ನಡದ ಉತ್ತರವನ್ನು ಒಪ್ಪುತ್ತೇವೆಂದು ಪ್ರಕಟಣೆಯಲ್ಲೇ ಅಚ್ಚು ಹಾಕಲಿ.

ನೆಲದ ಶಾಸ್ತ್ರಕ್ಕೆ ನೆಲದ ನುಡಿ ಬೇಡವೇ? ಎದ್ದೇಳಿ ಕನ್ನಡಿಗರೇ!