ತೈಕೋ ನಗಾರಿಯ ಚರ್ಮ ಹದ ಮಾಡಿದ್ದು ಯಾರು?



ನಗರದಲ್ಲಿ ಜಪಾನಿ ಕರಕುಶಲ ವಸ್ತುಗಳ ಪ್ರದರ್ಶನ ನಡೆದಾಗಲೆಲ್ಲ ನಮ್ಮ ಕಲಾಪ್ರೇಮಿಗಳದ್ದು ಒಂದೇ ಮಾತು: "ಅಲ್ಲಿ ಕೈಕೆಲಸಕ್ಕೆ ಎಂಥ ಮರ್ಯಾದೆ ನೋಡಿ!" ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ನಾನೂ ಅಂಥದ್ದೊಂದನ್ನ ನೋಡಿ ಬಂದೆ. ಅರಗಿನ ಬಟ್ಟಲು, ನೀಲಿ ಬಟ್ಟೆ, ಬಿದಿರು ಬುಟ್ಟಿ, ಇವತ್ತಿನ ಕಲಾವಿದರ ಗಾಜಿನ ಕೆಲಸ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆ ಬುಟ್ಟಿ ನೋಡಿ ನಮ್ಮ ಕಡೆ ಮೇದರು ಹೆಣೆಯೋ ಮೊರ, ಕುಕ್ಕೆ ನೆನಪಾದವು. ಮರ್ಯಾದೆ ಅನ್ನೋದೂ ಪೂರ್ತಿ ಸುಳ್ಳಲ್ಲ. 1950ರ ಕಾನೂನಿನಡಿ 'ಜೀವಂತ ರಾಷ್ಟ್ರೀಯ ನಿಧಿ' ಅಂತ ಗುರುತಿಸಿದ ಕುಶಲಕರ್ಮಿಗಳಿಗೆ ಜಪಾನ್ ಸರ್ಕಾರ ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತೆ.

ಅಲ್ಲೊಂದು ತೈಕೋ ನಗಾರಿ ಇತ್ತು. ಮರ ಯಾವುದು ಅಂತ ಚೀಟಿಯಲ್ಲಿ ಬರೆದಿದ್ದರು. ಚರ್ಮ ಹದ ಮಾಡಿದವರು ಯಾರು ಅಂತ ಬರೆದಿರಲಿಲ್ಲ. ನಾನು ಹೇಳ್ತೀನಿ ಕೇಳಿ.

ಜಪಾನಿನಲ್ಲಿ ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ನಗಾರಿ ಬಿಗಿದವರು, ಸಮುರಾಯ್‌ಗಳ ಕವಚಕ್ಕೆ ಚರ್ಮ ಕೊಟ್ಟವರು ಬುರಾಕುಮಿನ್ ಜನ. ಅವರನ್ನ ಕರೀತಿದ್ದ ಹಳೇ ಹೆಸರು 'ಎತಾ'. ಅದನ್ನ ಬರೆಯೋ ಅಕ್ಷರಗಳ ಅರ್ಥವೇ 'ಬಹಳ ಮೈಲಿಗೆ'. 1871ರಲ್ಲಿ ಸರ್ಕಾರ ಆ ಹೆಸರನ್ನ ರದ್ದು ಮಾಡಿತು. ಮರುವರ್ಷವೇ ಕುಟುಂಬ ದಫ್ತರು ಶುರುವಾಗಿ ಕೆಲವು ಮನೆಗಳ ಮುಂದೆ 'ಹೊಸ ಪ್ರಜೆ' ಅಂತ ಬಿತ್ತು. ದಿನವೂ ಕಡತ ತಿರುವೋ ಗುಮಾಸ್ತ ನಾನು, ಇಂಥ ಒಂದು ಪದದಿಂದ ಏನೇನಾಗುತ್ತೆ ಅಂತ ಗೊತ್ತು. ಆ ದಫ್ತರನ್ನ ಹೊರಗಿನವರು ನೋಡದಂತೆ ಮುಚ್ಚಿದ್ದು 1968ರಲ್ಲಿ! ಬುರಾಕು ಕೇರಿಗಳ ಪಟ್ಟಿಯನ್ನ ಕಂಪನಿಗಳು ಗುಟ್ಟಾಗಿ ಕೊಂಡ್ಕೊಳ್ತಿದ್ದದ್ದು 1975ರಲ್ಲಿ ಬಯಲಾಯ್ತು. ಅವರೂ ಸುಮ್ಮನೆ ಕೂತಿರಲಿಲ್ಲ ಬುಡಿ. ಬಾಬಾಸಾಹೇಬರ ಮಹಾಡ್ ಕೆರೆ ಸತ್ಯಾಗ್ರಹಕ್ಕೆ ಐದು ವರ್ಷ ಮೊದಲೇ, 1922ರಲ್ಲಿ, ಕ್ಯೋಟೋದಲ್ಲಿ 'ಸುಯ್‌ಹೇಶಾ' ಕಟ್ಟಿದರು.

ಜಪಾನಿನ ಜನಪದ ಕರಕುಶಲ ಚಳವಳಿಗೆ ಗುರು ಅನ್ನಿಸಿಕೊಂಡ ಯಾನಾಗಿ ಸೊಯೆತ್ಸು 1936ರಲ್ಲಿ ಟೋಕಿಯೋದಲ್ಲಿ ಇದಕ್ಕಂತಲೇ ಮ್ಯೂಸಿಯಂ ತೆರೆದರು. ಹೆಸರಿಲ್ಲದ ಕುಶಲಕರ್ಮಿಯ ಕೆಲಸದಲ್ಲೇ ನಿಜವಾದ ಸೌಂದರ್ಯ ಅನ್ನೋದು ಅವರ ವಾದ. ಹೆಸರು ಬಿಟ್ಟುಕೊಡೋದು ಹೆಸರಿದ್ದವರಿಗೆ ಸುಲಭ ಸ್ವಾಮಿ. ನಮ್ಮಪ್ಪ ತಮಟೆ ಬಡಿದವನು. ಚರ್ಮ ತಂದು, ಕೂದಲು ತೆಗೆದು, ಬಳೆಗೆ ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿದ ಮೇಲೇ ಅದಕ್ಕೆ ನಾದ. ಉತ್ಸವದಲ್ಲಿ ದೇವರ ಮುಂದೆ ನಡೆದವನೂ ಅವನೇ, ಗುಡಿ ಹೊರಗೆ ನಿಂತವನೂ ಅವನೇ. ಅವನ ಹೆಸರನ್ನ ಯಾರೂ ಕೇಳಲಿಲ್ಲ, ಜಾತಿ ಹೆಸರು ಸಾಕಾಗಿತ್ತು. ಅದೇ ತಮಟೆ ನಗರದ ಗೋಡೆಗೆ ಏರಿದರೆ 'ಜಾನಪದ ವಾದ್ಯ'!

ನಂಜನಗೂಡು ತಾಲ್ಲೂಕಿನ ಬದನವಾಳು ನಮ್ಮ ಉಮ್ಮತ್ತೂರಿಗೆ ದೂರವೇನಲ್ಲ. ಅಲ್ಲಿನ ಖಾದಿ ಕೇಂದ್ರಕ್ಕೆ ಗಾಂಧೀಜಿ ಬಂದಿದ್ದರು. ಅದೇ ಊರಿನಲ್ಲಿ 1993ರಲ್ಲಿ, ದೇವಸ್ಥಾನ ಪ್ರವೇಶದ ಗಲಾಟೆ ಬೆನ್ನಿಗೆ, ಮೂವರು ದಲಿತರನ್ನ ಕೊಂದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲೇ ಕೈಉತ್ಪನ್ನಗಳ ಪರ ಸತ್ಯಾಗ್ರಹ ಮಾಡಿದರು. ಕೈಕೆಲಸಕ್ಕೆ ಬೆಲೆ ಸಿಗಬೇಕು ಅನ್ನೋದಕ್ಕೆ ನನ್ನದೂ ಓಟು. ಆದರೆ ನಗರದವರಿಗೆ ಬದನವಾಳು ಅಂದರೆ ಚರಕ. ನಮ್ಮ ಕೇರಿಯಲ್ಲಿ ಬದನವಾಳು ಅಂದರೆ ಇವತ್ತಿಗೂ 1993. ಗ್ಯಾಲರಿಗಳೂ ಹೀಗೇ, ವಸ್ತು ಇಟ್ಕೊಂಡು ಅದರ ಹಿಂದಿನ ಮನುಷ್ಯನನ್ನ ಬಿಟ್ಟುಬಿಡ್ತವೆ.

"ಕಲೆಯಲ್ಲಿ ಜಾತಿ ತರಬೇಡಿ" ಅಂತ ಬರೆಯೋರು ಬರೀರಿ, ಉತ್ತರ ಕೊಡ್ತೀನಿ. ಪ್ರದರ್ಶನ ಮಾಡೋರಿಗೆ ನನ್ನ ಬೇಡಿಕೆ ಇಷ್ಟೇ. ನಗಾರಿ ಇಟ್ಟರೆ ಚರ್ಮ ಹದ ಮಾಡಿದ ಸಮುದಾಯದ ಚರಿತ್ರೆಯನ್ನೂ ಚೀಟಿಯಲ್ಲಿ ಹಾಕಿ. ತಮಟೆ ಇಟ್ಟರೆ ಮಾಡಿದವರ ಹೆಸರು, ಊರು, ಕೊಟ್ಟ ದುಡ್ಡು ಎಷ್ಟು ಅಂತ ಹಾಕಿ. ಉದ್ಘಾಟನೆ ದಿನ ತಮಟೆ ಬಡಿಯೋಕೆ ಕರೆಸಿದವರಿಗೆ ಮುಂದಿನ ಸಾಲಲ್ಲಿ ಕುರ್ಚಿಯನ್ನೂ ಹಾಕಿ.